ತಂತಿ ಸಡಿಲಿಸಿಟ್ಟ ಗಿಟಾರು

ಮದ್ದೂರಿನ ನಮ್ಮ ಬಾಡಿಗೆ ಮನೆಯ ನಡುಕೋಣೆಯಲ್ಲಿ, ಒಳಗೋಡೆಯ ಪಕ್ಕ, ಮರದ ಮಣೆಯೊಂದರ ಮೇಲೆ ನನ್ನ ತಂಗಿಯ ಗಿಟಾರು ತನ್ನ ಪೆಟ್ಟಿಗೆಯೊಳಗೆ ನಿಂತಿದೆ. ಜಾಗವನ್ನು ಆರಿಸಿದವಳು ಅವಳೇ. ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಹೊರಗೋಡೆ ಬೆವರುತ್ತದೆ. ಬೇಸಿಗೆಯಲ್ಲಿ ಅಟ್ಟದ ಮೇಲಿನ ತಗಡು ಕಾಯುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆಯ ಜಿಡ್ಡು. ಮರಕ್ಕೆ ತೇವವೂ ಆಗದು, ಕಾವೂ ಆಗದು.

ಅವಳು ಗೆಜ್ಜಲಗೆರೆಯ ಕಡೆಯ ಕಾರ್ಖಾನೆಯೊಂದಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ತಗಡು ಒತ್ತುವ ಯಂತ್ರ ಅವಳ ಎಡಗೈಯ ತೋರುಬೆರಳನ್ನೂ ನಡುಬೆರಳನ್ನೂ ತೆಗೆದುಕೊಂಡಿತು. ಅದನ್ನು ಅಪಘಾತವೆಂದು ಕರೆಯಲು ನಾನು ಇಂದಿಗೂ ಒಪ್ಪುವುದಿಲ್ಲ. ಕೈಗೆ ಅಡ್ಡವಾಗಿ ಇರಬೇಕಾದ ಜಾಲರಿಯನ್ನು, ಕೆಲಸ ನಿಧಾನವಾಗುತ್ತದೆಂದು, ಮೇಲ್ವಿಚಾರಕನೇ ಕಳಚಿಸಿದ್ದ. ರಕ್ತ ಸುರಿಯುತ್ತಿದ್ದವಳನ್ನು ಸಾಮಾನು ಸಾಗಿಸುವ ಆಟೊದಲ್ಲಿ ಮಂಡ್ಯದ ಆಸ್ಪತ್ರೆಗೆ ಕಳುಹಿಸಿದರು. ಅವಳು ತಮ್ಮ ಕೆಲಸಗಾರ್ತಿಯೇ ಅಲ್ಲ, ಗುತ್ತಿಗೆದಾರನ ಕಡೆಯವಳು ಎಂದಿತು ಆಡಳಿತ. ಗುತ್ತಿಗೆದಾರ ಫೋನ್ ಎತ್ತುವುದನ್ನೇ ನಿಲ್ಲಿಸಿದ. ನಮ್ಮ ಬೀದಿಯವರು, ಹುಡುಗಿಗೆ ಸದಾ ಹಾಡಿನ ಗುಂಗು, ಅದಕ್ಕೇ ಹೀಗಾಯಿತು ಎಂದರು. ಆ ಮಾತನ್ನೂ ನಾನು ಅನ್ಯಾಯಗಳ ಸಾಲಿಗೇ ಸೇರಿಸುತ್ತೇನೆ.

ಗಿಟಾರಿನ ತಂತಿಯನ್ನು ಒತ್ತಿ ಸ್ವರ ಹಿಡಿಯುವುದು ಎಡಗೈ. ಹೆಬ್ಬೆರಳು ಬಿಟ್ಟರೆ ಉಳಿದ ಎರಡು ಬೆರಳು ಸೆಟೆದುಹೋಗಿದ್ದವು. ವ್ಯಾಯಾಮ ಮಾಡಿದರೆ ಕಾಲಕ್ರಮೇಣ ಮಡಿಸಲು ಬರಬಹುದು ಎಂದಿದ್ದರು ವೈದ್ಯರು. ಅಲ್ಲಿಯವರೆಗೆ ಗಿಟಾರನ್ನು ಕಾಪಾಡಬೇಕಿತ್ತು.

ಅವಳು ಹೇಳುತ್ತಾ ಹೋದಳು, ನಾನು ಮಾಡುತ್ತಾ ಹೋದೆ. ಒಣ ಹತ್ತಿಬಟ್ಟೆಯಿಂದ ತಂತಿಗಳ ಮೇಲಿನ ಬೆವರಿನ ಕಲೆ ಒರೆಸಿದೆ. ಬಿರಡೆಗಳನ್ನು ತಿರುಗಿಸಿ ತಂತಿ ಸಡಿಲಿಸಿದೆ. ಬಿಗಿಯಾಗಿ ಬಿಟ್ಟರೆ ವರ್ಷಗಳಲ್ಲಿ ಕತ್ತು ಬಾಗುತ್ತದಂತೆ. ಪೂರ್ತಿ ಬಿಚ್ಚಲೂ ಬಾರದು, ಸ್ವಲ್ಪ ಎಳೆತ ಉಳಿಯಬೇಕು ಎಂದಳು.

ನಮ್ಮ ಮನೆಯಲ್ಲಿ ಯಾವ ಪಾತ್ರೆಯನ್ನೂ ಬರಿದಾಗಿ ಎತ್ತಿಡುವುದಿಲ್ಲ. ಅಟ್ಟಕ್ಕೇರುವ ಹಂಡೆಗೂ ಅವ್ವ ಒಂದು ಹಿಡಿ ಕಾಳು ಹಾಕಿಯೇ ಮೇಲೆ ಕಳಿಸುತ್ತಾಳೆ. ಅಂದು ಅವಳು ತವರಾದ ಆತಗೂರಿನಿಂದ ಬಂದ ರಾಗಿಯನ್ನು ಮುಷ್ಟಿಯಲ್ಲಿ ಹಿಡಿದು ಗಿಟಾರಿನ ಬಳಿಗೂ ಬಂದಳು.

"ಬರೀ ಒಟ್ಟೇಲಿ ಮಡಗಬಾರ್ದು ಕಣಮ್ಮಿ," ಎಂದಳು.

ತಂಗಿ ಬಲಗೈಯನ್ನು ಗಿಟಾರಿನ ದುಂಡು ತೂತಿಗೆ ಅಡ್ಡ ಹಿಡಿದಳು. "ಇದ್ರ ಒಟ್ಟೆ ಬರಿದಾಗೇ ಇರ್ಬೇಕು ಕಣವ್ವ. ರಾಗಿ ಬಿದ್ರೆ ನುಡಿಸ್ದಾಗೆಲ್ಲ ಅದೂ ಕುಣೀತದೆ. ನಾಳೆ ತಗ್ದಾಗ ನಾನು ಹಾಡ್ಲಾ, ಮುದ್ದೆ ತಿರುವ್ಲಾ?"

ಆ ಘಟನೆಯ ನಂತರ ನಾವು ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಅವ್ವ ಮುನಿಸಿನಿಂದಲೇ ರಾಗಿಯನ್ನು ಡಬ್ಬಕ್ಕೆ ಸುರಿದು, ಪೆಟ್ಟಿಗೆಯ ಸುತ್ತ ಬೇವಿನೆಲೆ ಇಟ್ಟು ಸಮಾಧಾನಪಟ್ಟಳು.

ಪ್ರತಿ ವರ್ಷ ಮಳೆ ನಿಂತ ಮೇಲೆ ಪೆಟ್ಟಿಗೆ ತೆರೆದು ಗಾಳಿಗಿಡುತ್ತಿದ್ದೆವು. ತಂಗಿ ಆ ಎರಡು ಬೆರಳಿನಿಂದ ತಂತಿಯೊಂದನ್ನು ಒತ್ತಿ ನೋಡುತ್ತಿದ್ದಳು. ತಂತಿ ಮರಕ್ಕೆ ತಾಗುತ್ತಿರಲಿಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತಾ ಮುಚ್ಚುತ್ತಿದ್ದಳು.

ಒಮ್ಮೆ ಮಂಡ್ಯದಲ್ಲಿ ನಾನಿರುವ ಕಾರ್ಮಿಕ ಸಂಘಟನೆಯ ಧರಣಿ ನಿಶ್ಚಯವಾಯಿತು. ಆ ಗಿಟಾರನ್ನು ವೇದಿಕೆಯ ಮೇಲಿಟ್ಟರೆ ಸಾವಿರ ಮಾತಿನ ಕೆಲಸ ಅದೊಂದೇ ಮಾಡುತ್ತದೆ ಎಂದರು ಸಂಗಾತಿಗಳು. ನನಗೂ ಸರಿಯೆನಿಸಿ ಅವಳನ್ನು ಕೇಳಿದೆ.

"ಬಿಸ್ಲಲ್ಲಿ ನಿಲ್ಸಿದ್ರೆ ಅಂಟು ಬುಟ್ಕತದೆ ಕಣಕ್ಕ," ಎಂದಳು. "ನಿಮ್ಗೆ ಒಂದಿನದ ಕೆಲ್ಸ. ನಂಗೆ ಅದು ಆಮೇಲೂ ಬೇಕು."

ಧರಣಿ ಗಿಟಾರಿಲ್ಲದೆಯೇ ನಡೆಯಿತು. ಪರಿಹಾರಕ್ಕಾಗಿ ನಾವು ಹೂಡಿದ ಪ್ರಕರಣ ನ್ಯಾಯಾಲಯದಲ್ಲಿ ಇನ್ನೂ ಮುಂದೂಡಿಕೆಯಲ್ಲಿದೆ. ಆ ಕಾರ್ಖಾನೆಯಲ್ಲಿ ಜಾಲರಿ ಮರಳಿ ಬಂದಿದೆಯೋ ಇಲ್ಲವೋ, ಒಳಗೆ ಬಿಟ್ಟು ತೋರಿಸುವವರಿಲ್ಲ.

ಕಳೆದ ತಿಂಗಳು ಮಂಡ್ಯದ ಆಸ್ಪತ್ರೆಯಲ್ಲಿ ವೈದ್ಯೆ ಅವಳ ಕೈಯನ್ನು ಬಹಳ ಹೊತ್ತು ಹಿಡಿದು ನೋಡಿ, ಇನ್ನು ವ್ಯಾಯಾಮ ಬೇಡಮ್ಮ, ಬೆರಳು ಇಷ್ಟೇ ಮಡಿಯುವುದು ಎಂದು ಮೆಲ್ಲಗೆ ಹೇಳಿದರು. ಹಿಂತಿರುಗುವ ಬಸ್ಸಿನಲ್ಲಿ ಅವಳು ತರಕಾರಿ ತೆಗೆದುಕೊಳ್ಳುವ ವಿಚಾರವನ್ನಷ್ಟೇ ಮಾತನಾಡಿದಳು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ತಾನೇ ಎಳೆದು ತಂದು ತೆರೆದಳು.

"ತಂತಿ ಪೂರಾ ಬಿಚ್ಬುಡಕ್ಕ."

ಸ್ವಲ್ಪ ಎಳೆತ ಇರಬೇಕೆಂದು ನೀನೇ ಹೇಳಿದ್ದೆಯಲ್ಲ ಎಂದೆ. ನಾನು ಒಂದೊಂದನ್ನೇ ಬಿಚ್ಚಿ ಸುರುಳಿ ಸುತ್ತಿ ಕಾಗದದಲ್ಲಿ ಕಟ್ಟಿದೆ. ಅವಳು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ರಾಗಿ ತರುವಂತೆ ಅವ್ವನನ್ನು ಕೂಗಿದಳು.

ಅವ್ವ ಮುಷ್ಟಿ ಬಿಗಿಹಿಡಿದೇ ನಿಂತಳು. "ಬ್ಯಾಡ ಕಣಮ್ಮಿ. ಕುಣೀತದೆ ಅಂದಿದ್ಯಲ್ಲ."

"ಆಕವ್ವ," ಎಂದಳು ತಂಗಿ.

ಒಣಮರದೊಳಗೆ ರಾಗಿ ಬೀಳುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಪೆಟ್ಟಿಗೆಯನ್ನು ಅವಳೇ ಮುಚ್ಚಿದಳು.