ವಾಲ್ವಕ್ಕ ನೀರು ನಿಲ್ಲಿಸಿದ್ದು

ಊರಿನ ನೀರು ಸರಬರಾಜು ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ವಾಲ್ವ್ ತಿರುಗಿಸಿದ ಹೆಂಗಸಿಗೆ ಜನ ಇಟ್ಟ ಹೆಸರು ವಾಲ್ವಕ್ಕ. ಆಳು ಕುಳ್ಳಗೆ, ಮುಂಗೈ ಮಾತ್ರ ಒನಕೆ. ಕೊಳವೆಗೆ ಕಿವಿಯಾನಿಸಿ, "ಇದಕ್ಕೆ ಗಾಳಿ ಹಿಡಿದಿದೆ" ಎಂದು ಡಾಕ್ಟರ ಹಾಗೆ ಹೇಳುತ್ತಿದ್ದಳು. "ನನ್ನ ಎದೆಬಡಿತಾನ ಒಂದಿನಾದ್ರೂ ಹೀಗೆ ಕೇಳಿದ್ದೀಯಾ?" ಎಂದು ದರ್ಜಿಯಾದ ಅವಳ ಗಂಡ ಗೊಣಗುತ್ತಿದ್ದ.

ಊರಾಚೆ ಎಣ್ಣೆಬಾವಿಗಳಿದ್ದವು. ಅಲ್ಲಿಯವರೆಗೆ ಪರದೇಶದ ಕಂಪನಿಯ ಕೈಯಲ್ಲಿದ್ದ ಅವನ್ನು ಸರ್ಕಾರ ವಶಪಡಿಸಿಕೊಂಡ ಮರುವರ್ಷವೇ ಆ ದೇಶದ ಸೈನ್ಯ ಬಂದಿಳಿಯಿತು. "ನಿಮ್ಮನ್ನು ಕಾಪಾಡಲು ಬಂದಿದ್ದೇವೆ" ಎಂದು ಬೀದಿಬೀದಿಯಲ್ಲಿ ಸಾರಿದರು. ವಾಲ್ವಕ್ಕ ನಂಬಿದಳು ಕೂಡ. ತನ್ನದೇ ದೇಶದ ಆ ಸರ್ಕಾರದ ಜೈಲಿನಲ್ಲೇ ಅವಳ ಅಣ್ಣ ಸತ್ತಿದ್ದ. ಯಾರಾದರೂ ಬರಲಿ ಎಂದು ಅವಳು ಹಾರೈಸಿದ್ದುಂಟು.

ಸರ್ಕಾರ ಬಿದ್ದ ವಾರದಲ್ಲೇ ಹಾಡುಹಗಲಲ್ಲಿ ಲೂಟಿ ಶುರುವಾಯಿತು. ಆಸ್ಪತ್ರೆಯ ಮಂಚಗಳು ಹೋದವು, ಶಾಲೆಯ ಬಾಗಿಲುಗಳೂ ಹೋದವು. ಒಂದು ಮಧ್ಯಾಹ್ನ ನೀರಿನ ಕೇಂದ್ರಕ್ಕೂ ನುಗ್ಗಿದವರು ಮೂರು ಪಂಪುಗಳಲ್ಲಿ ಒಂದರ ಮೋಟಾರನ್ನು ಕಿತ್ತು ಕೈಗಾಡಿಗೆ ಹೇರಿದರು. ಅಡ್ಡ ಹೋದ ವಾಲ್ವಕ್ಕನ ಹಣೆ ಒಡೆಯಿತು. ರಸ್ತೆಯಾಚೆ ಎಣ್ಣೆ ಪಂಪುಮನೆಯ ಸುತ್ತ ಎರಡು ಟ್ಯಾಂಕು, ಮುಳ್ಳುತಂತಿ, ನಲವತ್ತು ಸೈನಿಕರಿದ್ದರು. ಅವರು ನೋಡುತ್ತ ನಿಂತರು.

ಹಣೆಗೆ ಬಟ್ಟೆ ಸುತ್ತಿಕೊಂಡು ಅವಳು ಸೈನ್ಯದ ಅಧಿಕಾರಿಯ ಡೇರೆಗೆ ಹೋದಳು. ಅಲ್ಲಿ ದುಭಾಷಿಯಾಗಿ ಕೂತಿದ್ದವನು ಸತ್ತ ಅಣ್ಣನ ಮಗನೇ.

"ನಾಕು ಜನ ಕಾವಲಿಗೆ ಬೇಕು ಅಂತ ಹೇಳಪ್ಪ. ಇನ್ನೊಂದು ಮೋಟಾರು ಹೋದ್ರೆ ಊರಿಗೆ ಊರೇ ಒಣಗುತ್ತೆ."

ಅಧಿಕಾರಿ ಸಭ್ಯ ಮನುಷ್ಯ. ಕುರ್ಚಿ ಕೊಟ್ಟು, ನಕ್ಷೆ ಬಿಡಿಸಿ ತೋರಿಸಿದ. ಎಣ್ಣೆಬಾವಿ, ಕೊಳವೆ, ಬಂದರು ಎಲ್ಲಕ್ಕೂ ಕೆಂಪು ಗುರುತಿತ್ತು. ನೀರಿನ ಕೇಂದ್ರದ ಜಾಗ ಖಾಲಿ.

"ಅವರಿಗೆ ಬಂದಿರೋ ಆರ್ಡರಲ್ಲಿ ನಮ್ಮ ಕೇಂದ್ರ ಇಲ್ವಂತೆ ಅತ್ತೆ. ತುಂಬಾ ಬೇಜಾರು ಮಾಡ್ಕೋತಿದಾರೆ."

"ಬೇಜಾರನ್ನ ಬಿಂದಿಗೇಲಿ ಹಿಡಿದು ಕುಡಿಯೋಕಾಗುತ್ತಾ? ಹಾಗಂತ ಹೇಳು."

"ಹಾಗೆಲ್ಲ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅತ್ತೆ!"

ವಾಲ್ವಕ್ಕ ಎದ್ದು ಬಂದಳು. ಎಣ್ಣೆ ಪಂಪುಮನೆಯ ಯಂತ್ರಗಳನ್ನು ತಣ್ಣಗಿಡುವ ನೀರು ಅವಳ ಕೇಂದ್ರದಿಂದಲೇ ಹೋಗುತ್ತಿತ್ತು. ಅದು ನಕ್ಷೆ ಬರೆದವರಿಗೆ ಗೊತ್ತಿರಲಿಲ್ಲ. ಅವಳು ಆ ಕೊಳವೆಯ ವಾಲ್ವ್ ಮುಚ್ಚಿ, ಅದರ ಮುಂದೆಯೇ ಕಾಲು ಚಾಚಿ ಕೂತಳು.

ಅರ್ಧ ಗಂಟೆಯಲ್ಲಿ ಸೈರನ್ ಕೂಗಿತು. ಅಧಿಕಾರಿ ಟೋಪಿಯಿಲ್ಲದೆ ಓಡಿಬಂದ. ಹಿಂದೆ ಇಬ್ಬರು ಸೈನಿಕರು, ಅವರ ಹಿಂದೆ ಏದುಸಿರು ಬಿಡುತ್ತ ದುಭಾಷಿ ಅಳಿಯ. ಒಬ್ಬ ಸೈನಿಕ ಬಂದೂಕೆತ್ತಿದ. ವಾಲ್ವಕ್ಕ ಏಳಲಿಲ್ಲ.

"ಯಂತ್ರ ಕಾದು ನಿಂತ್ಬಿಟ್ಟಿದೆ ಅತ್ತೆ. ತಿರುಗಿಸಿಬಿಡಿ, ದಮ್ಮಯ್ಯ!"

"ಕಾವಲಿಲ್ಲದ ಜಾಗ, ನಂಗೆ ಭಯ. ಭಯಕ್ಕೆ ಕೈ ನಡುಗ್ತಾ ಇದೆ, ವಾಲ್ವ್ ತಿರುಗಲ್ಲ ಅನ್ನು."

ಈ ಸಲ ಅಳಿಯ ಒಂದಕ್ಷರ ಬಿಡದೆ ಹೇಳಿದ. ಕೈ ನಡುಗಿಸಿಯೂ ತೋರಿಸಿದ. ಅಧಿಕಾರಿ ಅವಳನ್ನೂ ಅವಳ ಮುಂಗೈಯನ್ನೂ ನೋಡಿದ. ನಗು ತಡೆಯಲಾಗದೆ ಮುಖ ತಿರುಗಿಸಿ, ಬಂದೂಕು ಇಳಿಸೆಂದು ಸನ್ನೆ ಮಾಡಿದ. ಸಂಜೆಯೊಳಗೆ ಆರು ಜನ ಕಾವಲಿಗೆ ಬಂದರು.

ಹೋದ ಮೋಟಾರು ಬರಲಿಲ್ಲ. ಎರಡೇ ಪಂಪುಗಳಲ್ಲಿ, ಬೀದಿಗಿಷ್ಟು ಹೊತ್ತೆಂದು ಸರದಿ ಹಾಕಿ ಅವಳು ಎರಡು ವರ್ಷ ಊರಿಗೆ ನೀರುಣಿಸಿದಳು. ಹೊಸ ಸರ್ಕಾರ ಎಣ್ಣೆಬಾವಿಗಳನ್ನು ಹಳೆಯ ಕಂಪನಿಗೇ ಮರಳಿ ಬರೆದುಕೊಟ್ಟಿತು. ತಿಂಗಳೊಳಗೆ ಸೈನ್ಯ ಗಂಟುಮೂಟೆ ಕಟ್ಟಿತು. ಅಳಿಯನನ್ನು ಕರೆದುಕೊಂಡು ವಿದಾಯ ಹೇಳಲು ಬಂದ ಅಧಿಕಾರಿಗೆ ಅವಳು ಚಹಾ ಕೊಟ್ಟಳು.

"ನೀನು ಕೆಟ್ಟವನಲ್ಲಪ್ಪ. ಆದ್ರೆ ನಮಗೋಸ್ಕರ ಬಂದೆ ಅಂತ ನಿಮ್ಮಮ್ಮನ ಹತ್ರ ಮಾತ್ರ ಹೇಳ್ಬೇಡ" ಎಂದಳು. ಅವನು ತಲೆ ತಗ್ಗಿಸಿ ಚಹಾ ಮುಗಿಸಿದ.

ಸೈನ್ಯ ಹೋದ ಮೇಲೆ ಅಳಿಯನಿಗೆ ಕೆಲಸವೂ ಇಲ್ಲ, ಮರ್ಯಾದೆಯೂ ಇಲ್ಲ. ಪರದೇಶದವರ ಬಾಲವೆಂದು ಜನ ಅವನ ಮುಖಕ್ಕೇ ಆಡಿದರು. ವಾಲ್ವಕ್ಕ ಅವನ ತೋಳು ಹಿಡಿದು ನಡುಬೀದಿಯಲ್ಲೇ ಕೇಂದ್ರಕ್ಕೆ ಕರೆದೊಯ್ದಳು. "ಇವನನ್ನ ಅನ್ನೋರು ನನ್ನನ್ನೂ ಅನ್ನಲಿ, ಆಮೇಲೆ ನೀರು ಕೇಳಲಿ" ಎಂದಳು. ಅವನು ಮೊದಲ ತಿಂಗಳು ವಾಲ್ವುಗಳನ್ನು ಉಲ್ಟಾ ತಿರುಗಿಸಿ ಅತ್ತೆಯಿಂದ ದಿನಾ ಬೈಸಿಕೊಂಡ. ಎರಡನೆಯ ತಿಂಗಳು ಸರಿಯಾಗಿ ತಿರುಗಿಸಿದ.