ನಾಯಿಯ ಗುಳಿಗೆ ಎಂದು ಹೇಳಿದ್ದೆ

ಸುಳ್ಳು ಹೇಳಿದ್ದು ನಾನು. ಅದನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ಆ ಎರಡು ತಿಂಗಳು ನನ್ನೊಬ್ಬನನ್ನು ಬಿಟ್ಟು ಮನೆಯಲ್ಲಿದ್ದ ಎಲ್ಲರನ್ನೂ ನಾನು ಅನುಮಾನದಿಂದ ನೋಡಿದೆ. ಕೊನೆಗೆ ನಾಯಿಯನ್ನೂ.

ನಾವಿರುವುದು ಸಿಂಧನೂರಿನ ಹೊಸ ಬಡಾವಣೆಯೊಂದರಲ್ಲಿ, ಬಾಡಿಗೆ ಮನೆ, ಎರಡನೇ ಮಹಡಿ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಹೆಂಡತಿ ಮಸ್ಕಿಯವಳು, ಬೀದಿಗೆ ಕಟ್ಟೆಯಿದ್ದ ಮನೆಯಲ್ಲಿ, ಹೋಗಿಬರುವವರ ಜೊತೆ ಮಾತಾಡುತ್ತ ಬೆಳೆದವಳು. ಇಲ್ಲಿ ಕೆಳಗಿನ ಮನೆಯವರ ಹೆಸರೂ ನಮಗೆ ಗೊತ್ತಿರಲಿಲ್ಲ. ನಾನು ಎಂಟಕ್ಕೆ ಹೋದರೆ ಐದೂವರೆಗೆ ಬರುತ್ತಿದ್ದೆ. ಆಕೆ ಮೊದಲು ಮಾತು ಕಡಿಮೆ ಮಾಡಿದಳು, ಆಮೇಲೆ ಊಟ, ಆಮೇಲೆ ಸ್ನಾನ. ಒಂದು ದಿನ ನಾನು ಶಾಲೆಯಿಂದ ಬಂದಾಗ ಬೆಳಿಗ್ಗೆ ಕೂತಿದ್ದ ಕುರ್ಚಿಯಲ್ಲೇ ಕೂತಿದ್ದಳು. ಕೈಯಲ್ಲಿ ಬಾಚಣಿಗೆ ಇತ್ತು. ತಲೆ ಬಾಚಿರಲಿಲ್ಲ.

ಲಿಂಗಸುಗೂರಿಗೆ ತಿಂಗಳಿಗೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆ ಎಂದು ಗೊತ್ತಾಯಿತು. ಸಿಂಧನೂರಿನಲ್ಲಿ ತೋರಿಸಿದರೆ ಶಾಲೆಯ ಮಕ್ಕಳ ತಂದೆತಾಯಿಗಳು ಯಾರಾದರೂ ನೋಡಿಯಾರು ಎಂದು ಅಲ್ಲಿಗೇ ಹೋದೆವು. ಬಸ್ಸು ಮಸ್ಕಿಯಲ್ಲಿ ನಿಂತಾಗ ಆಕೆ ಮುಖಕ್ಕೆ ಸೆರಗು ಎಳೆದುಕೊಂಡಳು, ನಾನು ಪೇಪರು ಎತ್ತಿ ಹಿಡಿದೆ. ಡಾಕ್ಟರು ಖಿನ್ನತೆ ಎಂದರು. ದಿನಕ್ಕೊಂದು ಗುಳಿಗೆ ಬರೆದು, ತಿಂಗಳಿಗೆ ಮತ್ತೆ ಕರೆದುಕೊಂಡು ಬನ್ನಿ ಎಂದರು.

ಈ ವಿಷಯ ನಾನು ಹೇಳಿಕೊಂಡದ್ದು ನಮ್ಮ ಶಾಲೆಯ ಗಣಿತದ ಮಾಸ್ತರರೊಬ್ಬರಿಗೆ ಮಾತ್ರ.

"ಒಂದು ನಾಯಿ ಸಾಕ್ರಿ ಸರ," ಎಂದರು ಅವರು. "ಈಗ ಪ್ಯಾಟಿ ಮಂದಿಗೆಲ್ಲಾ ಇದ ಬ್ಯಾನಿ. ಮ್ಯಾಲಿನ ಮನಿಯಾಗ ಕುಂತು ಕುಂತು ತಲಿ ಕೆಡ್ತೈತಿ. ನಾಯಿ ಇದ್ದವ್ರಿಗೆ ಬರಂಗಿಲ್ಲಂತ, ಮೊಬೈಲ್‌ನ್ಯಾಗ ನೋಡೀನಿ."

"ನಾಯಿ ಇದ್ದವ್ರಿಗೆ ಬರಂಗಿಲ್ಲೋ, ಅದು ಬರದವ್ರೇ ನಾಯಿ ಸಾಕ್ತಾರೋ?"

"ಬಿಡ್ರಿ. ನೀವು ದೇವ್ರು ಬಂದ್ರೂ ಹಾಲ್ ಟಿಕೆಟ್ ತೋರ್ಸು ಅನ್ನೋರು."

ಮರುವಾರ ಅವರೇ ಗೊರೇಬಾಳದಲ್ಲಿ ಗದ್ದೆ ಮಾಡುವ ತಮ್ಮ ಬೀಗರ ಮನೆಯಿಂದ ಮರಿಯೊಂದನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ತಂದುಕೊಟ್ಟರು. ಕಂದು ಬಣ್ಣದ್ದು. ಒಂದು ಕಿವಿ ನಿಂತಿತ್ತು, ಇನ್ನೊಂದು ಮಡಚಿತ್ತು. ಹೆಂಡತಿ ಅದಕ್ಕೆ ಹೆಸರಿಡಲಿಲ್ಲ. "ಬಾ ಲೇ" ಎಂದಳು, ಅದು ಬಂತು. ಮೂರನೆಯ ದಿನ ಅದು ಮೆಟ್ಟಿಲ ಮೇಲೆ ಹೊಲಸು ಮಾಡಿದ್ದಕ್ಕೆ ಕೆಳಗಿನ ಮನೆಯಾಕೆ ಮೇಲೆ ಬಂದು ಜಗಳ ತೆಗೆದಳು. ಇಬ್ಬರೂ ಚೆನ್ನಾಗಿ ಬೈದಾಡಿಕೊಂಡರು. ನಾಲ್ಕು ದಿನ ಬಿಟ್ಟು ಅದೇ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು.

ಎರಡನೆಯ ವಾರ ಬಳಗಾನೂರಿನಿಂದ ಅವ್ವ ಬಂದಳು. ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುವವಳಲ್ಲ. ಪೂಜೆ ಮುಗಿದ ಮೇಲೂ, ಮೊದಲ ರೊಟ್ಟಿಯನ್ನು ಒಂದು ಮೂಕಪ್ರಾಣಿಗೆ ಹಾಕಿಯೇ ತಾನು ಉಣ್ಣುವುದು ಆಕೆಯ ರೂಢಿ. ಬಂದ ದಿನವೇ ಕಪಾಟಿನಲ್ಲಿದ್ದ ಗುಳಿಗೆಯ ಪಟ್ಟಿಯನ್ನು ಕೈಗೆತ್ತಿಕೊಂಡಳು.

"ಲೇ ತಮ್ಮಾ, ಇವ್ಯಾರ ಗುಳಿಗಿ?"

"ನಾಯಿವು ಬೇ ಯವ್ವಾ. ಉಣ್ಣಿ ಆಗ್ಯಾವ ಅದಕ್ಕ."

ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಸೊಸೆಗೆ ತಲೆ ಕೆಟ್ಟಿದೆ ಎಂದು ಅವ್ವನಿಗೆ ತಿಳಿದರೆ ಬಳಗಾನೂರಿಗೆಲ್ಲ ತಿಳಿಯುತ್ತದೆ ಎಂಬುದು ನನ್ನ ಹೆದರಿಕೆ. ಪಟ್ಟಿಯನ್ನು ನಾಯಿಯ ಸಾಬೂನು, ಪೌಡರು ಇದ್ದ ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟೆ. "ಅವ್ವ ಪೂಜಿಗೆ ಕುಂತಾಗ ತಗೋ" ಎಂದು ಹೆಂಡತಿಗೆ ಮೆಲ್ಲಗೆ ಹೇಳಿದೆ. ಆಕೆ ಹೂಂ ಎಂದಳು.

ಪ್ರತಿ ಭಾನುವಾರ ಡಬ್ಬಿ ತೆಗೆದು ಗುಳಿಗೆ ಎಣಿಸುತ್ತಿದ್ದೆ. ವಾರಕ್ಕೆ ಏಳು ಸರಿಯಾಗಿ ಕಡಿಮೆಯಾಗುತ್ತಿದ್ದವು. ಹೆಂಡತಿ ಸ್ನಾನ ಮಾಡುತ್ತಿದ್ದಳು, ಸಂಜೆ ನಾಯಿಯ ಜೊತೆ ಕಾಲುವೆ ಏರಿಯ ಕಡೆ ತಿರುಗಾಡಿ ಬರುತ್ತಿದ್ದಳು, ಅವ್ವನ ಮಾತಿಗೆ ನಗುತ್ತಿದ್ದಳು. ನನಗೆ ನಂಬಿಕೆ ಬರಲಿಲ್ಲ. ಇಷ್ಟು ಬೇಗ ಯಾರಾದರೂ ನೆಟ್ಟಗಾಗುತ್ತಾರೆಯೇ? ಗುಳಿಗೆ ಎಸೆಯುತ್ತಿರಬಹುದೆಂದು ಕಸದ ಬುಟ್ಟಿ ಕೆದಕಿದೆ, ಬಚ್ಚಲಿನ ಜಾಲರಿ ಎತ್ತಿ ನೋಡಿದೆ, ಹಾಸಿಗೆ ಮಡಚಿ ನೋಡಿದೆ. ಏನೂ ಸಿಗಲಿಲ್ಲ. ಹಾಗೆ ಅನುಮಾನಪಟ್ಟವನು ತಿಂಗಳಾದಾಗ ಮಾತ್ರ ಆಕೆಯನ್ನು ಲಿಂಗಸುಗೂರಿಗೆ ಕರೆದೊಯ್ಯಲಿಲ್ಲ. ಹಳೆಯ ಚೀಟಿಯನ್ನೇ ಮೆಡಿಕಲ್ ಅಂಗಡಿಗೆ ತೋರಿಸಿ ಗುಳಿಗೆ ತಂದು ಡಬ್ಬಿ ತುಂಬಿದೆ.

ಅಷ್ಟರಲ್ಲಿ ನಾಯಿ ಸೊರಗತೊಡಗಿತ್ತು. ಕರೆದರೆ ಕಣ್ಣು ತೆರೆಯುತ್ತಿತ್ತು, ಏಳುತ್ತಿರಲಿಲ್ಲ. ಮೆಟ್ಟಿಲಿಳಿಯುವಾಗ ಹಿಂಗಾಲು ತಡವರಿಸುತ್ತಿದ್ದವು. ಕೆಳಗಿನ ಮನೆಯಾಕೆ ನೋಡಿ, "ಅಕ್ಕಾರ ಬ್ಯಾನಿ ಇದು ತಗೊಂಡೈತ್ರಿ ಅಣ್ಣಾರ. ಮೂಕಪ್ರಾಣಿ ಹಂಗ ಮಾಡ್ತಾವ," ಎಂದಳು. ಹೆಂಡತಿ ತನ್ನ ಕಾಯಿಲೆಯನ್ನು ಆಕೆಗೆ ಹೇಳಿಕೊಂಡಿದ್ದಳು ಎಂಬುದು ನನಗೆ ಗೊತ್ತಾದದ್ದೇ ಆಗ. ಮಕ್ಕಳಿಗೆ ರೋಗಾಣುಗಳ ಪಾಠ ಹೇಳುವ ನಾನು ಈ ಮಾತನ್ನು ಅರ್ಧ ನಂಬಿದೆ. ನಂಬಿ, ಹೋಗಲಿ, ನಾಯಿಗೇ ಬರಲಿ ಎಂದುಕೊಂಡೆ. ಸಮಾಧಾನವಾಯಿತು.

ಒಂದು ಸಂಜೆ ಹೆಂಡತಿ ದಿನವೂ ಬರುವ ಹೊತ್ತಿಗೆ ಬರಲಿಲ್ಲ. ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ದೀಪ ಹಚ್ಚುವ ಹೊತ್ತಿಗೆ ನಾಯಿಯನ್ನು ಎದೆಗವಚಿಕೊಂಡು ಬಂದಳು. ಅದು ಆಗಲೇ ಸಾಕಷ್ಟು ಬೆಳೆದಿತ್ತು. ಸೀರೆಯ ಅಂಚಿಗೆ ಕೆಸರು ಹತ್ತಿತ್ತು. "ನಡೀಲಿಲ್ಲ ಇದು" ಎಂದಳು, ಅಷ್ಟೇ. ಮರುದಿನ ಬೆಳಿಗ್ಗೆ, ನಾನು ಕೇಳದೆಯೇ, "ಇದನ್ನ ದನದ ದವಾಖಾನಿಗೆ ಒಯ್ರಿ. ಅತ್ತೀನ್ನೂ ಕರ್ಕೊಂಡು ಹೋಗ್ರಿ," ಎಂದಳು.

ಅವ್ವ ಯಾಕೆ ಎಂದು ಕೇಳಿದೆ.

"ಕರ್ಕೊಂಡು ಹೋಗ್ರಿ."

ಆಟೋದಲ್ಲಿ ಕೂತಾಗಲೂ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಮನೆಯಲ್ಲಿ ಒಬ್ಬಳೇ ಏನು ಮಾಡಬೇಕೆಂದಿದ್ದಾಳೆ? ಆಟೋ ನಿಲ್ಲಿಸಿ ವಾಪಸು ಹೋಗೋಣವೆನ್ನಿಸಿತು. ಕೆಳಗಿನ ಮನೆಯಾಕೆಗೆ ಫೋನ್ ಮಾಡಿ, ಮೇಲೆ ಹೋಗಿ ಆಕೆಯ ಜೊತೆ ಕೂತಿರಿ ಎಂದೆ.

ದನದ ಡಾಕ್ಟರು ನಾಯಿಯ ಕಣ್ಣು ಬಿಡಿಸಿ ನೋಡಿದರು. ಏನಾದರೂ ಔಷಧಿ ಕೊಡುತ್ತಿದ್ದೀರಾ ಎಂದು ಕೇಳಿದರು. ನಾನು ಇಲ್ಲವೆನ್ನುವ ಮೊದಲೇ ಅವ್ವ ಮುಂದೆ ಬಂದಳು.

"ದಿನಾ ಕೊಡ್ತೀನ್ರಿ ಸಾಹೇಬ್ರ. ಒಂದಿನಾನೂ ತಪ್ಪಿಸಿಲ್ಲ. ಮೊದಲ್ನೆ ರೊಟ್ಟ್ಯಾಗ ಬೆಲ್ಲ ಹಚ್ಚಿ, ನಡುವ ಗುಳಿಗಿ ಇಟ್ಟು."

ಸೆರಗಿನ ಗಂಟು ಬಿಚ್ಚಿ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಓದಿದರು. ಆಮೇಲೆ ನನ್ನನ್ನು ನೋಡಿದರು.

"ಸರ, ಇದು ಮನುಷ್ಯಾರ ಗುಳಿಗಿ. ಯಾರಿಗೆ ಬರದಿದ್ದು?"

ನಾನು ಪಟ್ಟಿಯನ್ನು ಎತ್ತಿ ಜೇಬಿಗಿಟ್ಟುಕೊಂಡೆ. ನಾಯಿಗೆ ಸಲಾಯಿನ್ ಹಚ್ಚಿದರು. ಗುಳಿಗೆ ನಿಲ್ಲಿಸಿ, ಉಳಿಯುತ್ತೆ ಎಂದರು. ವಾಪಸು ಬರುವಾಗ ಅವ್ವನಿಗೆ ಎಲ್ಲ ಹೇಳಿದೆ. ಆಕೆ ನಾಯಿಯ ತಲೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ನನ್ನ ಕೈಲೇ ಮಾಡಿಸಿದೆಲ್ಲೋ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಮೊದಲ ಹೇಳಿದ್ರ ಆಕಿಗೇ ಬೆಲ್ಲ ಹಚ್ಚಿ ಕೊಡ್ತಿದ್ನೆಲ್ಲೋ, ಹುಚ್ಚಪ್ಪ."

ಹೆಂಡತಿ ಮೆಟ್ಟಿಲ ಮೇಲೆ ಕೆಳಗಿನ ಮನೆಯಾಕೆಯ ಪಕ್ಕ ಕೂತಿದ್ದಳು. ಒಳಗೆ ಹೋದ ಮೇಲೆ ಕೇಳಿದೆ, ನಿನಗೆ ಗೊತ್ತಿತ್ತೇ ಎಂದು.

"ಅತ್ತಿ ಅದಕ್ಕ ಕೊಡೋದನ್ನ ಮೊದಲ್ನೆ ದಿನಾನೇ ನೋಡಿದ್ದೆ. ನಾನು ತಗೊಳ್ಳೋದು ತಪ್ತು ಅನ್ಕೊಂಡೆ. ನೀವೂ ಪಟ್ಟಿ ಎಣಿಸಿ ಸುಮ್ನಾಗ್ತಿದ್ರಿ."

"ಮತ್ತ ಅಷ್ಟು ದಿನ ನಕ್ಕೋಂತ ಇದ್ದಿ?"

"ನಕ್ಕಿದ್ದೂ ಖರೇ. ನಿನ್ನಿ ಕಾಲುವಿಗೆ ಹೋಗಿದ್ದೂ ಖರೇ."

ಆಕೆ ನಿಧಾನವಾಗಿ ಹೇಳಿದಳು. ನಿನ್ನೆ ಆಕೆ ಹೋದದ್ದು ತಿರುಗಾಡಲಿಕ್ಕಲ್ಲ, ವಾಪಸು ಬರಬಾರದೆಂದು. ನಾಯಿಯ ಸರಪಳಿ ಕೈಯಲ್ಲಿತ್ತು. ಏರಿಯ ಮೇಲೆ ನಾಯಿ ಕುಸಿದು ಕೂತಿತು. ಎಬ್ಬಿಸಿದರೂ ಏಳಲಿಲ್ಲ. ಅದನ್ನು ಅಲ್ಲಿ ಬಿಟ್ಟರೆ ಬೇರೆ ನಾಯಿಗಳು ಕಚ್ಚಿಹಾಕುತ್ತವೆ. ಮೊದಲು ಅದನ್ನು ಮನೆ ಮುಟ್ಟಿಸಬೇಕೆನ್ನಿಸಿತು. ಎತ್ತಿಕೊಂಡು ಬರುವಾಗ, ತನ್ನ ಗುಳಿಗೆ ತಿಂದೇ ಅದಕ್ಕೆ ಹೀಗಾಗಿದೆ ಎಂದು ಅಳು ಬಂತಂತೆ. ಎಷ್ಟೋ ತಿಂಗಳಿಂದ ಅಳುವೇ ಬಂದಿರಲಿಲ್ಲವಂತೆ.

ಗಣಿತದ ಮಾಸ್ತರರಿಗೆ ಇದನ್ನು ಹೇಳಿದಾಗ ಅವರು, "ನೋಡಿದ್ರೆಲ್ಲ, ನಾಯೀನೇ ಉಳಿಸ್ತು," ಎಂದರು. ಇರಬಹುದು. ಅದೇ ನಾಯಿಯ ಹೆಸರಿನಲ್ಲಿ ಆಕೆಯ ಔಷಧಿ ಏಳು ವಾರ ತಪ್ಪಿತ್ತು. ಇವೆರಡರಲ್ಲಿ ಯಾವುದನ್ನೂ ಬಿಟ್ಟು ಬರೆಯಲು ನನಗೆ ಬರುವುದಿಲ್ಲ.

ಆಕೆ ಹೇಳಿದ ದಿನವೇ ಲಿಂಗಸುಗೂರಿನ ಡಾಕ್ಟರಿಗೆ ಫೋನ್ ಮಾಡಿದ್ದೆ. ಮುಂದಿನ ತಿಂಗಳವರೆಗೆ ಕಾಯಬೇಡಿ ಎಂದು, ತಾವು ಕೂರುವ ಜಿಲ್ಲಾ ಕೇಂದ್ರಕ್ಕೆ ಅಂದೇ ಕರೆಸಿಕೊಂಡರು. ಹೊಸದಾಗಿ ಔಷಧಿ ಶುರುಮಾಡಿದರು. ನಾಯಿ ಇರಲಿ, ಒಳ್ಳೆಯದೇ, ಗುಳಿಗೆಯ ಬದಲಿಗೆ ಅಲ್ಲ ಎಂದರು. ನನ್ನನ್ನೊಬ್ಬನನ್ನೇ ಕೂರಿಸಿಕೊಂಡು, ಗುಳಿಗೆ ಎಣಿಸುವುದರ ಜೊತೆಗೆ ಆಕೆಯನ್ನೂ ಕೇಳಿ, ಸಾಯುವ ಯೋಚನೆ ಬಂತೇ ಎಂದು ಅದೇ ಮಾತಿನಲ್ಲಿ ಕೇಳಿ, ಕೇಳಿದರೆ ಹೆಚ್ಚಾಗುವುದಿಲ್ಲ ಎಂದರು.

ಮೊದಲ ಸಂಜೆ ಆ ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ಎರಡನೆಯ ಸಂಜೆ ಕೇಳಿದೆ. ಇಲ್ಲ ಎಂದಳು. ನಾನು ನಂಬಲಿಲ್ಲ. ಅಡುಗೆಮನೆಗೂ ಬಾಲ್ಕನಿಗೂ ಆಕೆಯ ಹಿಂದೆಯೇ ತಿರುಗಿದೆ. ಎಂಟು ದಿನ ಇಲ್ಲ ಎಂದಳು. ಎಂಟು ದಿನವೂ ನಂಬಲಿಲ್ಲ.

ಹತ್ತನೆಯ ಸಂಜೆ ಆಕೆ ಅವ್ವನ ಎದುರಿಗೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಕೇಳಿದೆ. ಕೈ ನಿಲ್ಲಿಸಿದಳು.

"ಮಧ್ಯಾಹ್ನ ಬಂದಿತ್ತು," ಎಂದಳು. "ಅತ್ತೀಗೆ ಹೇಳಿದೆ. ಈಗಿಲ್ಲ."

ಅವ್ವ ತಲೆಯಾಡಿಸಿದಳು. ನಾನು ಹೆಂಡತಿಯ ಮಾತು ನಂಬಿದೆ. ಕೂತು, ಒಂದು ಕಟ್ಟು ಸೊಪ್ಪು ನನ್ನ ಕಡೆ ಎಳೆದುಕೊಂಡೆ.