ಮಾಳಿಗೆ ಮೇಲಿನ ಪ್ರೇಕ್ಷಕ

"ಆಕಿ ಬಾವಿಗೆ ಹಾರಲಿಲ್ಲಲೇ ಕೊಟ್ರೇಶಿ! ಬಿದ್ದದ್ದು ಕೊಡ!"

ಬಸಣ್ಣ ಮೇಷ್ಟ್ರು ಹೀಗೆಂದಾಗ ಹಗರಿಬೊಮ್ಮನಹಳ್ಳಿಯ ಆ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದ ಬಾಯಿಗಳೆಲ್ಲ ನಿಂತವು. ನನ್ನ ಚಹಾ ಲೋಟ ಗಾಳಿಯಲ್ಲೇ ಉಳಿಯಿತು.

ವಿಷಯ ಇಷ್ಟು. ನಮ್ಮ ಕಾಲದ ಟೀವಿ ಧಾರಾವಾಹಿಯೊಂದನ್ನು (ಹೆಸರು ಬೇಡ, ಕಂಪನಿಯವರು ಕೇಳಿಸಿಕೊಂಡರೆ ರೇಟು ಏರಿಸುತ್ತಾರೆ) ಓಟಿಟಿಗೆ ತನ್ನಿ ಎಂದು ನಾವೊಂದಿಷ್ಟು ಅಭಿಮಾನಿಗಳು ಬೆನ್ನು ಹತ್ತಿದ್ದೇವೆ. ಮನವಿ ಬರೆದವರು ನಿವೃತ್ತ ಮೇಷ್ಟ್ರು. ಸಹಿ ತಂದವನು ನಾನು. ಮೋಟರ್ ವೈಂಡಿಂಗ್ ಅಂಗಡಿಯ ಬಾಗಿಲು ಹಾಕಿ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಂದು ಬೈಕಿನಲ್ಲಿ ಸುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಷ್ಟು ಹಾಳೆ ತುಂಬಿಸಿದ್ದು ಸಣ್ಣ ಮಾತಾ?

ಮನವಿ ಅವತ್ತೇ ಹೋಗಬೇಕಿತ್ತು; ಐದಕ್ಕೆ ಕೊರಿಯರ್ ಆಫೀಸು ಮುಚ್ಚುತ್ತದೆ. ನಾಲ್ಕೂವರೆಗೆ ಮೇಷ್ಟ್ರ ಬೆರಳು ನನ್ನ ಹೆಸರಿನ ಮೇಲೆ ನಿಂತಿತು. 'ಮರೆಯಲಾಗದ ದೃಶ್ಯ' ಎಂಬ ಕಾಲಂ ಖಾಲಿ ಇತ್ತು. "ಹೇಳು, ನಾನ ಬರೀತೀನಿ" ಎಂದರು. ಕೊನೆಯ ಕಂತಿನಲ್ಲಿ ಸೊಸೆ ಬಾವಿಗೆ ಹಾರಿದ್ದು ಎಂದೆ. ಸಿಕ್ಕಿಬಿದ್ದೆ.

"ನೀ ಅದನ್ನ ನೋಡೇ ಇಲ್ಲ. ನೋಡೀನಿ ಅಂತ ಸುಳ್ಳು ಸಹಿ ಮಾಡೀದಿ. ಹಂಗಾದ್ರ ನೀ ತಂದ ಸಹಿ ಎಷ್ಟು ಖರೇ ಅದಾವು?" ನನ್ನ ಹಾಳೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿಯೇಬಿಟ್ಟರು. "ಇವು ಹೋಗೂದು ಬ್ಯಾಡ. ಒಂದು ಸುಳ್ಳು ಸಿಕ್ರ ಕಂಪನಿಯೋರು ಎಲ್ಲಾನೂ ಕಸದ ಬುಟ್ಟಿಗೆ ಹಾಕ್ತಾರ."

ಪಕ್ಕದಲ್ಲಿದ್ದ ಗೆಳೆಯ, ಮೆಕ್ಯಾನಿಕ್ ರಾಜಾಸಾಬ್, ಮೊಣಕಾಲಿಗೆ ತಿವಿದ. "ಮಾತಾಡ್ಲೇ. ಬಾಯಿ ಮನಿಯಾಗ ಇಟ್ಟು ಬಂದೀಯೇನು?"

ನಾಲ್ಕು ಮುಕ್ಕಾಲು. ಮೂವತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಲೇಬೇಕಾಯಿತು.

"ಹೌದ್ರಿ, ನೋಡಿಲ್ಲ. ಓಣಿಗೆಲ್ಲ ಇದ್ದದ್ದು ನಿಮ್ಮ ಮನಿ ಟೀವಿ ಒಂದ. ಗಾಳಿ ಬಿಟ್ರ ಆಂಟೆನಾ ತಿರುಗತಿತ್ತು. ಮಾಳಿಗಿ ಮ್ಯಾಲೆ ಅದನ್ನ ಹಿಡಕೊಂಡು ನಿಂತಾವ ಯಾರು? 'ಬಂತು, ಬಂತು, ಅಲುಗಾಡಬ್ಯಾಡಲೇ' ಅಂತ ಕೆಳಗಿಂದ ಒದರಿದಾವ್ರು ಯಾರ್ರಿ, ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದರು.

ಪ್ರತಿ ವಾರ ಕೇಳಿದ್ದೇನೆ, ಒಂದು ವಾರವೂ ನೋಡಿಲ್ಲ. ಕೊನೆಯ ದಿನ ಟೀವಿಯೊಳಗಿನ ಬಾವಿಯಲ್ಲಿ ದೊಡ್ಡ ಸಪ್ಪಳ. ಇಳಿದು ಬಂದರೆ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಸತ್ತಳು ಅಂದುಕೊಂಡೆ. (ಕೇಳಬಹುದಿತ್ತು. ಆದರೆ ನಾನು ನೋಡಿಲ್ಲ ಎಂದು ಯಾರಾದರೂ ಒಪ್ಪಿಕೊಳ್ಳುತ್ತಾರಾ?)

"ಹಂಗಾದ್ರ ಅವತ್ತು ಹೆಂಗಸ್ರೆಲ್ಲ ಅತ್ತದ್ದು ಯಾಕ್ರಿ?"

"ಬಿಟ್ಟು ಹೋದ ಗಂಡ ತಿರುಗಿ ಬಂದ್ನಲ್ಲೋ. ಅವನ್ನ ನೋಡಿ ಆಕಿ ಕೊಡ ಕೈಬಿಟ್ಲು." ಮೇಷ್ಟ್ರ ದನಿ ಇಳಿದಿತ್ತು. ಪೆನ್ನು ನನ್ನ ಕಡೆ ತಳ್ಳಿದರು. "ಖರೇದು ಬರಿ. ನೀನ ಬರಿ."

ಬರೆದೆ: 'ನೋಡಿಲ್ಲ. ಆಂಟೆನಾ ಹಿಡಿದಿದ್ದೆ.'

ಕಟ್ಟು ಮತ್ತೆ ಕವರಿಗೆ ಹೋಯಿತು. ರಾಜಾಸಾಬ್ ಬೈಕಿಗೆ ಕಿಕ್ ಹೊಡೆದ. ಕೊರಿಯರ್ ಆಫೀಸಿನ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಗ್ಗಿದೆ.

ಉತ್ತರ ಇನ್ನೂ ಬಂದಿಲ್ಲ. ಕಂಪನಿಯವರೇ, ಮೂವತ್ತು ವರ್ಷ ನನ್ನ ಪಾಲಿಗೆ ಸತ್ತಿದ್ದವಳು ಬದುಕಿದ್ದಾಳಂತೆ. ಒಮ್ಮೆ ತೋರಿಸುತ್ತೀರಾ?